ಔಷಧಿ ಕಪ್ ಮಾಡುವವರು ಒಮ್ಮೆ ವಾರ್ಡಿಗೆ ಬರಲಿ

ಮಾನ್ಯ ಸಂಪಾದಕರೇ,

ನಾನು 32 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಕಳೆದ ತಿಂಗಳು ನಮ್ಮ ಅತ್ತೆಯವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂಬತ್ತು ದಿನ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಇಷ್ಟು ವರ್ಷ ಔಷಧಿ ಕೊಡುವ ಕೈ ನನ್ನದಾಗಿತ್ತು. ಈ ಸಲ ಕುಡಿಯುವವರ ಪಕ್ಕದಲ್ಲಿ ಕೂತು ನೋಡಿದೆ. ನೋಡಿದ್ದನ್ನು ಬರೆಯಲೇಬೇಕು ಅನ್ನಿಸಿತು. ನಾನು ಹೇಳಹೊರಟಿರುವುದು ಮಾತ್ರೆ, ಸಿರಪ್ ಹಾಕಿ ಕೊಡುತ್ತಾರಲ್ಲ, ಬಳಸಿ ಎಸೆಯುವ ಆ ಪುಟ್ಟ ಪ್ಲಾಸ್ಟಿಕ್ ಕಪ್ಪಿನ ಬಗ್ಗೆ.

ಅತ್ತೆಗೆ 84 ವರ್ಷ. ಹೃದಯದ ತೊಂದರೆ ಇದೆ. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈಗೆ ಶಕ್ತಿ ಕಡಿಮೆ. ಬೆಳಿಗ್ಗೆ ಎಂಟು ಗಂಟೆಗೆ ಐದು ಮಾತ್ರೆ. ಅದರಲ್ಲಿ ಒಂದು ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಅದೂ ಅರ್ಧ. 0.25 ಮಿ.ಗ್ರಾಂ. ಮಾತ್ರೆಯೇ ಚಿಕ್ಕದು. ಅದನ್ನು ಮುರಿದರೆ ಹೆಚ್ಚೆಂದರೆ ತೊಗರಿ ಕಾಳಿನಷ್ಟಾಗುತ್ತದೆ. ಮೂರನೇ ದಿನ ಸಿಸ್ಟರ್ ಬಂದು ಅತ್ತೆಯ ಅಂಗೈಗೆ ಕಪ್ ಬಗ್ಗಿಸಿದರು. ಮಾತ್ರೆ ಬಿದ್ದವು, ಅತ್ತೆ ನುಂಗಿದರು, ಚಾರ್ಟಿನಲ್ಲಿ ಟಿಕ್ ಬಿತ್ತು. ಖಾಲಿ ಕಪ್ಪನ್ನು ಬಿನ್‌ಗೆ ಹಾಕೋಣ ಅಂತ ನಾನು ಇಸಕೊಂಡೆ. ಒಳಗೆ ಬೆಳ್ಳಗೆ ಏನೋ ಕಂಡಿತು. ಆ ಕಪ್ಪಿನ ತಳದ ನಡುಭಾಗ ಮೇಲಕ್ಕೆ ಉಬ್ಬಿತ್ತು, ಉಬ್ಬಿನ ಸುತ್ತ ಸಣ್ಣ ಕಾಲುವೆಯಂಥ ಸಂದಿ ಇತ್ತು. ಅರ್ಧ ಮಾತ್ರೆ ಆ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಉಗುರಿನಿಂದ ಮೀಟಿ ತೆಗೆಯಬೇಕಾಯಿತು.

ಆ ಹುಡುಗಿಯನ್ನು ನಾನು ದೂರುವುದಿಲ್ಲ. ಅವಳ ಪಾಲಿಗೆ ಆ ಬೆಳಿಗ್ಗೆ 22 ಮಂಚ ಇದ್ದವು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಡೋಸ್, ಸರಿಯಾದ ದಾರಿ, ಸರಿಯಾದ ಸಮಯ ಅಂತ ಟ್ರೇನಿಂಗ್‌ನಲ್ಲಿ ನಮಗೆಲ್ಲ ಕಲಿಸುತ್ತಾರೆ. ಅವಳು ಐದನ್ನೂ ಸರಿಯಾಗಿಯೇ ಮಾಡಿದ್ದಳು. ಆದರೂ ಮಾತ್ರೆ ಹೊಟ್ಟೆಗೆ ಹೋಗಿರಲಿಲ್ಲ. ಡಿಗಾಕ್ಸಿನ್‌ನಲ್ಲಿ ಸಾಕಾಗುವ ಡೋಸ್‌ಗೂ ಜಾಸ್ತಿಯಾಗುವ ಡೋಸ್‌ಗೂ ಅಂತರ ಬಹಳ ಕಡಿಮೆ. ದಿನಾ ಮಾತ್ರೆ ಕಸಕ್ಕೆ ಹೋಗಿ, ಚಾರ್ಟಿನಲ್ಲಿ ಮಾತ್ರ ಟಿಕ್ ಬೀಳುತ್ತಿದ್ದರೆ ಡಾಕ್ಟರ್ ಏನು ಮಾಡುತ್ತಾರೆ? ಗುಣ ಕಾಣುತ್ತಿಲ್ಲ ಅಂತ ಡೋಸ್ ಏರಿಸುತ್ತಾರೆ. ಆ ಏರಿಸಿದ ಡೋಸ್ ಪೂರ್ತಿ ಹೊಟ್ಟೆಗೆ ಹೋದ ದಿನ ಏನಾಗಬಹುದು ಅಂತ ಯೋಚಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಎಸೆಯುವ ಕಪ್ ಇರಲಿಲ್ಲ. ಗಾಜಿನ ಔನ್ಸ್ ಗ್ಲಾಸ್ ಇದ್ದವು. ತೊಳೆದು, ಕುದಿಸಿ, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದೆವು. ಇಡೀ ವಾರ್ಡಿಗೆ ಒಂದೇ ಡಜನ್. ಅವಸರದಲ್ಲಿ ಬರೀ ನೀರಲ್ಲಿ ಅದ್ದಿ ಮುಂದಿನ ರೋಗಿಗೆ ಕೊಟ್ಟಿದ್ದೂ ಉಂಟು. ಕಾಮಾಲೆಯವರೂ ಇದ್ದ ವಾರ್ಡಿನಲ್ಲಿ ಅದು ತಪ್ಪು ಅಂತ ಗೊತ್ತಿದ್ದೇ ಮಾಡುತ್ತಿದ್ದೆವು. ಅದಕ್ಕೇ ಒಬ್ಬರಿಗೆ ಒಂದೇ ಸಲ ಬಳಸುವ ಕಪ್ ಬಂದಾಗ ನಮಗೆ ದೊಡ್ಡ ನೆಮ್ಮದಿಯಾಯಿತು. ಈಗಿನ ಕಪ್ಪುಗಳಲ್ಲಿ ಹೆಚ್ಚಿನವು 30 ಮಿ.ಲೀ. ಹಿಡಿಸುವಂಥವು. ಆ ಹಳೇ ಔನ್ಸಿನ ಅಳತೆಯೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಗಾಜಿನ ಮೇಲಿನ ಗೀರು ಬೆರಳಿಗೂ ತಾಗುತ್ತಿತ್ತು, ಕಣ್ಣಿಗೂ ಕಾಣುತ್ತಿತ್ತು. ಈಗ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಅದೇ ಪ್ಲಾಸ್ಟಿಕ್ಕಿನ ಉಬ್ಬು ಗೆರೆ. ಬಣ್ಣವೇ ಇಲ್ಲ. ಹಗಲಲ್ಲೇ ಕಿಟಕಿಯ ಕಡೆ ಹಿಡಿದು ಓರೆ ಮಾಡಿ ನೋಡಬೇಕು. ರಾತ್ರಿ ಪಾಳಿಯಲ್ಲಿ ರೋಗಿಗಳು ಮಲಗಿರುತ್ತಾರೆ ಅಂತ ದೊಡ್ಡ ಲೈಟ್ ಆರಿಸಿರುತ್ತೇವೆ. ಆಗ ಆ ಗೆರೆ ಎಲ್ಲಿ ಕಾಣಬೇಕು?

ಕೆಲವು ಕಪ್ಪಿನ ಮೇಲೆ ಮಿ.ಲೀ. ಜೊತೆಗೆ ಔನ್ಸ್, ಚಮಚ, ಡ್ರಾಮ್ ಎಲ್ಲ ಒತ್ತೊತ್ತಾಗಿ ಇರುತ್ತವೆ. ಡ್ರಾಮ್ ಅಂದರೆ ಸುಮಾರು ಮೂರೂಮುಕ್ಕಾಲು ಮಿ.ಲೀ. ನನ್ನ ಇಡೀ ಸರ್ವಿಸ್‌ನಲ್ಲಿ ಯಾವ ಡಾಕ್ಟರೂ ಡ್ರಾಮ್ ಅಂತ ಬರೆದಿದ್ದನ್ನು ನಾನು ನೋಡಿಲ್ಲ. ಔಷಧಿ ತಪ್ಪುಗಳನ್ನು ತಡೆಯಲು ಕೆಲಸ ಮಾಡುವ ಅಮೆರಿಕದ ಐಎಸ್‌ಎಂಪಿ ಸಂಸ್ಥೆಯೂ ಕಪ್ಪಿನ ಮೇಲೆ ಡ್ರಾಮ್ ಬೇಡ, ಮಿ.ಲೀ. ಮಾತ್ರ ಸಾಕು ಅಂತ ಹೇಳುತ್ತಲೇ ಬಂದಿದೆ. ಅಚ್ಚಿನಲ್ಲಿ ಹಿಂದಿನಿಂದ ಇದೆ ಅಂತ ಅದನ್ನೇ ಒತ್ತುತ್ತಾ ಹೋಗುವುದು ಸರಿಯಲ್ಲ.

ಇನ್ನು ಕಪ್ಪಿನ ಆಕಾರ. ಮನೆಗೆ ಬಂದ ಮೇಲೆ ಮೊಮ್ಮಗನ ಸ್ಕೇಲ್ ತಗೊಂಡು ಒಂದು ಕಪ್ಪಿನ ತಳ ಅಳೆದೆ. ಒಳಗಿನ ಅಗಲ 2.8 ಸೆಂ.ಮೀ. ಇತ್ತು. ಎಂಜಿನಿಯರಿಂಗ್ ಓದುತ್ತಿರುವ ಅವನೇ ಲೆಕ್ಕ ಹಾಕಿಕೊಟ್ಟ. ಅಷ್ಟು ಅಗಲದ ತಳದಲ್ಲಿ 2.5 ಮಿ.ಲೀ. ಸಿರಪ್ ಹಾಕಿದರೆ ಅದು ನಿಲ್ಲುವ ಎತ್ತರ ಬರೀ 4 ಮಿ.ಮೀ. ಕಣ್ಣಳತೆಯಲ್ಲಿ ಒಂದೇ ಒಂದು ಮಿ.ಮೀ. ತಪ್ಪಿದರೆ 0.6 ಮಿ.ಲೀ. ಹೆಚ್ಚುಕಮ್ಮಿ, ಅಂದರೆ ಡೋಸಿನ ಕಾಲು ಭಾಗ. ಅದೇ ತಳವನ್ನು 1.4 ಸೆಂ.ಮೀ.ಗೆ ಕಿರಿದು ಮಾಡಿದರೆ 2.5 ಮಿ.ಲೀ. ಒಂದೂವರೆ ಸೆಂ.ಮೀ.ಗಿಂತ ಮೇಲೆ ನಿಲ್ಲುತ್ತದೆ. ಆಗ ಅದೇ ಒಂದು ಮಿ.ಮೀ. ತಪ್ಪಿಗೆ ಆಗುವ ವ್ಯತ್ಯಾಸ 0.15 ಮಿ.ಲೀ. ಮಾತ್ರ. ಒಳಗೆ ಕೊಳವೆಯ ಹಾಗೆ ಕಿರಿದಾಗಿ, ಮೇಲೆ ಅಗಲವಾಗಿ, ಹೊರಗೆ ಮಾತ್ರ ಟ್ರೇ ಮೇಲೆ ಬೀಳದ ಹಾಗೆ ಅಗಲವಾದ ಪಾದ ಇಡಬಹುದಲ್ವಾ? ಕಿರಿದಾದ ಭಾಗದ ಅಡಿ ಬಟ್ಟಲಿನ ಹಾಗೆ ನುಣ್ಣಗೆ ದುಂಡಗಿರಲಿ. ಸಂದಿಯೇ ಇಲ್ಲದಿದ್ದರೆ ಮಾತ್ರೆ ಸಿಕ್ಕಿಕೊಳ್ಳುವುದಿಲ್ಲ, ಪುಡಿ ಮಾಡಿ ಕಲಸಿದ ಔಷಧಿಯೂ ಮೂಲೆಯಲ್ಲಿ ಉಳಿಯುವುದಿಲ್ಲ.

ಐದು ಮಿ.ಲೀ.ಗಿಂತ ಕಡಿಮೆ ಇದ್ದರೆ ಕಪ್ಪೇ ಬೇಡ ಅನ್ನುತ್ತೇನೆ. ಅದರಲ್ಲೂ ಮಕ್ಕಳಿಗೆ. ಪ್ಯಾರಸಿಟಮಾಲ್ ಸಿರಪ್ ನಮ್ಮಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಅಲ್ಲೇ ಎರಡು ಪಟ್ಟು ವ್ಯತ್ಯಾಸ ಇದೆ. ಅದರ ಮೇಲೆ ಕಪ್ಪಿನ ತಪ್ಪೂ ಸೇರಬಾರದು. ಬಾಯಿಗೆ ಹಾಕಲೆಂದೇ ಮಾಡಿದ ಸಿರಿಂಜ್ ಬರುತ್ತದೆ, ಅದಕ್ಕೆ ಸೂಜಿ ಕೂರುವುದಿಲ್ಲ, ಡ್ರಿಪ್‌ನ ಪೈಪಿಗೂ ಸೇರುವುದಿಲ್ಲ. ಅದನ್ನು ತರಿಸಿ. ಇಂಜೆಕ್ಷನ್ ಸಿರಿಂಜಿನಲ್ಲಿ ಸಿರಪ್ ಎಳೆದು ಟ್ರೇನಲ್ಲಿ ಇಡುವ ಅಭ್ಯಾಸ ಬಿಡಬೇಕು. ಅದು ಯಾವತ್ತೋ ಒಂದು ದಿನ ಯಾರದೋ ರಕ್ತನಾಳಕ್ಕೆ ಹೋಗುತ್ತದೆ.

ನನ್ನ ಮನಸ್ಸಿಗೆ ತುಂಬಾ ನೋವಾಗಿದ್ದು ಕುಡಿಸುವಾಗ. ಅತ್ತೆಗೆ ಪೊಟ್ಯಾಸಿಯಂ ಸಿರಪ್ ಇತ್ತು. ನೀರು ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಕಡಿಮೆಯಾಗುತ್ತದೆ, ಕಡಿಮೆಯಾದರೆ ಡಿಗಾಕ್ಸಿನ್ ವಿಷವಾಗುವ ಅಪಾಯ ಜಾಸ್ತಿ. ಹಾಗಾಗಿ ಒಂದು ಹನಿಯೂ ಬಿಡುವ ಹಾಗಿಲ್ಲ. ಅದಕ್ಕೆ ನೀರು ಬೆರೆಸಿ ಕೊಡಬೇಕು. ಕಪ್ ತುಂಬಿ ಅಂಚಿಗೆ ಬರುತ್ತದೆ. ಅತ್ತೆಯ ಎಡಗೈ ನಡುಗುತ್ತದೆ. ಕಪ್ ನುಣುಪು, ಹಿಡಿಯಲು ಏನೂ ಇಲ್ಲ, ಸ್ವಲ್ಪ ಒತ್ತಿದರೆ ಒಳಕ್ಕೆ ಬಾಗುತ್ತದೆ. ಅರ್ಧ ಖಾಲಿಯಾದ ಮೇಲೆ ಕಪ್ಪಿನ ಆಚೆ ಅಂಚು ಮೂಗಿಗೆ ತಾಗುತ್ತದೆ. ಉಳಿದಿದ್ದು ಬಾಯಿಗೆ ಬರಬೇಕಾದರೆ ತಲೆ ಹಿಂದಕ್ಕೆ ಎತ್ತಬೇಕು. ಸ್ಟ್ರೋಕ್ ಆದವರು ತಲೆ ಎತ್ತಿ ಕುಡಿದರೆ ನೆತ್ತಿಗೆ ಹತ್ತುತ್ತದೆ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. “ಅಜ್ಜಿ, ಸ್ವಲ್ಪ ತಲೆ ಎತ್ತಿ” ಅಂತ ಸಿಸ್ಟರ್ ಪ್ರೀತಿಯಿಂದಲೇ ಹೇಳಿದಳು. ನಾನು “ಬೇಡಮ್ಮ, ಎತ್ತಿಸಬೇಡ” ಅಂತ ಕೈ ಹಿಡಿದೆ. ಅಷ್ಟರಲ್ಲಿ ಅತ್ತೆಗೆ ಕೆಮ್ಮು ಬಂದು ಸಿರಪ್ಪೆಲ್ಲ ಸೀರೆಯ ಮೇಲೆ ಚೆಲ್ಲಿತು. ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ಸೀರೆಗೆ ಹೋಯಿತು, ಹೇಳುವವರು ಯಾರು? ಮತ್ತೆ ಕೊಡುವ ಹಾಗೂ ಇಲ್ಲ.

ಆಗ ನನಗೆ ನೆನಪಾಗಿದ್ದು ಒಳಲೆ. ನನ್ನ ಇಬ್ಬರು ಮಕ್ಕಳಿಗೂ ಇದೇ ಅತ್ತೆ ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸಿದವರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಮೂತಿಯನ್ನು ತುಟಿಯ ಓರೆಗೆ ಇಟ್ಟು, ಹನಿ ಹನಿಯಾಗಿ ಬಿಡುತ್ತಿದ್ದರು. ತಲೆ ಎತ್ತಿಸುವ ಮಾತೇ ಇಲ್ಲ. ತೂಕ ಕಡಿಮೆ ಇರುವ ಕೂಸುಗಳಿಗೆ ತಾಯಿಯ ಹಾಲು ಹಿಂಡಿ ಒಳಲೆಯಲ್ಲೇ ಕುಡಿಸುವುದನ್ನು ನಾನು ಮಕ್ಕಳ ವಾರ್ಡಿನಲ್ಲೂ ಮಾಡಿದ್ದೇನೆ. ದೊಡ್ಡವರಿಗೆ ಹಾಗೆ ಸುರಿಯಬಾರದು, ಅವರೇ ಗುಟುಕು ಗುಟುಕಾಗಿ ಹೀರಬೇಕು. ಆದರೆ ಅಂಚಿನ ಒಂದು ಕಡೆ ಒಳಲೆಯ ಹಾಗೆ ಚಿಕ್ಕ ಮೂತಿ ಇದ್ದರೆ ತುಟಿ ಕೂರಲು ಜಾಗ ಸಿಗುತ್ತದೆ, ಕಟವಾಯಿಯಿಂದ ಸೋರುವುದಿಲ್ಲ. ಎದುರು ಕಡೆ ಅಂಚನ್ನು ತಗ್ಗಿಸಿದರೆ ಮೂಗಿಗೆ ಜಾಗವಾಗುತ್ತದೆ. ನುಂಗಲು ಕಷ್ಟ ಇರುವವರಿಗೆಂದೇ ಹೀಗೆ ಮೂಗಿನ ಕಡೆ ಕತ್ತರಿಸಿದ ಲೋಟಗಳು ಈಗಾಗಲೇ ಮಾರಾಟಕ್ಕಿವೆ. ಔಷಧಿ ಕಪ್ಪಿಗೂ ಅದನ್ನು ತರಬೇಕು ಅಂತ ಕೇಳುತ್ತಿದ್ದೇನೆ.

ಒಂದರೊಳಗೊಂದು ಜೋಡಿಸಿದ ಕಪ್ಪುಗಳು ಅಂಟಿಕೊಳ್ಳುತ್ತವೆ. ಬಿಡಿಸಲು ಬೆರಳನ್ನು ಒಳಗೆ ಹಾಕಲೇಬೇಕು, ಅದೇ ಅಂಚು ರೋಗಿಯ ಬಾಯಿಗೆ. ಹೊರಗೆ ಒಂದು ಚಿಕ್ಕ ಕಿವಿ ಇಟ್ಟರೆ ಸಾಕು, ಬಿಡಿಸಲೂ ಆಯಿತು, ನಡುಗುವ ಕೈಗೆ ಹಿಡಿಯಲೂ ಆಯಿತು. ಆ ಕಿವಿಯ ಮೇಲೆ ಪೆನ್ನು ಹಿಡಿಯುವಷ್ಟು ಒರಟು ಜಾಗ ಇದ್ದರೆ ಮಂಚದ ನಂಬರ್ ಬರೆಯಬಹುದು. ನಾವು ಪ್ಲಾಸ್ಟರ್ ತುಂಡು ಅಂಟಿಸಿ ಬರೆಯುತ್ತಿದ್ದೆವು.

ಪ್ಲಾಸ್ಟಿಕ್ ಯಾಕೆ ಅಂತ ಓದುಗರು ಕೇಳಬಹುದು. ಕೇಳಬೇಕು ಕೂಡ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಿಷೇಧವಾಗಿದೆ. ನಮ್ಮ ರಾಜ್ಯದಲ್ಲಿ 2016ರಲ್ಲೇ ಇಂಥ ಆದೇಶ ಬಂದಿತ್ತು. ಬರೀ ಮಾತ್ರೆ ಕೊಡಲು ಪ್ಲಾಸ್ಟಿಕ್ ಖಂಡಿತ ಬೇಡ. ಒಳಗೆ ಪ್ಲಾಸ್ಟಿಕ್ ಪದರ ಇಲ್ಲದ ಪುಟ್ಟ ಕಾಗದದ ಕಪ್ ಸಾಕು. ಕಬ್ಬಿನ ಸಿಪ್ಪೆಯದಾದರೂ ಸರಿ. ಆದರೆ ಪೂರ್ತಿ ಬಿಳಿ ಬೇಡ, ಬಿಳಿ ಮಾತ್ರೆ ಅದರಲ್ಲಿ ಕಾಣುವುದಿಲ್ಲ. ನಮ್ಮ ಕಡೆಯ ಅಡಿಕೆ ಹಾಳೆಯ ಬಗ್ಗೆ ನನಗೂ ಪ್ರೀತಿ ಇದೆ, ಆದರೆ ತೇವ ಹಿಡಿದರೆ ಬೂಷ್ಟು ಬರುತ್ತದೆ, ಔಷಧಿಗೆ ಆಗುವುದಿಲ್ಲ. ಸಿರಪ್ಪಿಗೆ ಮಾತ್ರ ಆಚೆಯಿಂದ ನೋಡಿದರೆ ಮಟ್ಟ ಕಾಣುವಂಥ ಕಪ್ಪೇ ಬೇಕು. ಅದನ್ನು ಪಾಲಿಪ್ರೊಪಿಲೀನ್ ಒಂದರಿಂದಲೇ ಮಾಡಿ, ಸ್ಟಿಕ್ಕರ್ ಅಂಟಿಸದೆ ಬಿಟ್ಟರೆ, ಆಸ್ಪತ್ರೆಯ ಪ್ಲಾಸ್ಟಿಕ್ ಕಸದ ಕೆಂಪು ಚೀಲಕ್ಕೆ ಹೋಗಿ, ಬಿಸಿ ಹಬೆಯ ಆಟೊಕ್ಲೇವ್ ಯಂತ್ರದಲ್ಲಿ ಶುದ್ಧವಾಗಿ ಚೂರಾಗಿ ಮರುಬಳಕೆಗೆ ಸಿಗುತ್ತದೆ. ಆ ಪ್ಲಾಸ್ಟಿಕ್ 121 ಡಿಗ್ರಿ ಬಿಸಿ ತಡೆಯುತ್ತದೆ. ಗಾಜಿನ ಹಾಗೆ ಹೊಳೆಯುವ ಅಗ್ಗದ ಕಪ್ಪುಗಳು ಒತ್ತಿದರೆ ಸೀಳಿ ತುಟಿ ಕೊಯ್ಯುತ್ತವೆ.

ಇದನ್ನೆಲ್ಲ ಮಾಡಬಲ್ಲವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತರಬೇತಿ ಸಂಸ್ಥೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ಅಚ್ಚು ಮಾಡುವುದನ್ನು ಕಲಿಸುತ್ತಾರೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ವಸ್ತುಗಳ ವಿನ್ಯಾಸವನ್ನೇ ಓದುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ನನ್ನ ವಿನಂತಿ: ಚಿತ್ರ ಬರೆಯುವ ಮೊದಲು ಯಾವುದಾದರೂ ವಾರ್ಡಿನಲ್ಲಿ ಅನುಮತಿ ಕೇಳಿ, ಬೆಳಿಗ್ಗೆ ಆರರ ಔಷಧಿ ಟ್ರಾಲಿಯ ಹಿಂದೆ ಒಂದು ವಾರ ನಡೆಯಿರಿ.

ಆಸ್ಪತ್ರೆಗಳಲ್ಲಿ ಖರೀದಿ ನೋಡುವವರಿಗೂ ಒಂದು ಮಾತು. ಕಡಿಮೆ ರೇಟಿನ ಕಪ್ಪಿಗೆ ಸಹಿ ಹಾಕುವ ಮೊದಲು ರಾತ್ರಿ ಪಾಳಿಯ ಒಬ್ಬ ಸಿಸ್ಟರ್ ಕೈಗೆ ಅದನ್ನು ಕೊಡಿ. ವಾರ್ಡಿನ ಮಬ್ಬು ದೀಪದಲ್ಲಿ ಐದು ಮಿ.ಲೀ. ನೀರು ಅಳೆಯಲು ಹೇಳಿ. ಆ ನೀರನ್ನು ಸಿರಿಂಜಿನಲ್ಲಿ ಎಳೆದು ಎಷ್ಟಿದೆ ನೋಡಿ. ಆಮೇಲೆ ಕಪ್ ತುಂಬಿಸಿ, ದಿಂಬಿಗೆ ಒರಗಿ ಕೂತು, ಎಡಗೈಯಲ್ಲಿ ಹಿಡಿದು, ತಲೆ ಎತ್ತದೆ ಕೊನೆಯ ಹನಿವರೆಗೂ ನೀವೇ ಕುಡಿದು ನೋಡಿ.

– ಒಬ್ಬ ನಿವೃತ್ತ ಸ್ಟಾಫ್ ನರ್ಸ್, ಹಾಸನ