ಬೇರ್ 100 ಮುಗಿಸಿದೆ, ನಿಮ್ಮೆಲ್ಲರಿಗೂ ಥ್ಯಾಂಕ್ಸ್

34 ಗಂಟೆ 51 ನಿಮಿಷ. ಎರಡು ದಿನದಿಂದ ಫೋನ್, ಮೆಸೇಜು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಲಿಲ್ಲ, ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೇರ್ 100 ಒಂದು ಓಟ, ಅಮೆರಿಕದ ಯೂಟಾದ ಲೋಗನ್‌ನಿಂದ ಐಡಾಹೊದ ಫಿಶ್ ಹೇವನ್‌ವರೆಗೆ ಬೆಟ್ಟದ ಕಾಲುದಾರಿಯಲ್ಲಿ 100 ಮೈಲಿ, ಅಂದರೆ 160 ಕಿಲೋಮೀಟರ್. ಎಲ್ಲಾ ಏರು ಕೂಡಿಸಿದರೆ 20,000 ಅಡಿಗೂ ಜಾಸ್ತಿ. 36 ಗಂಟೆಯೊಳಗೆ ಮುಗಿಸಬೇಕು. ಸೆಪ್ಟೆಂಬರ್ ಕೊನೆಯಲ್ಲಿ, ಶುಕ್ರವಾರ ಬೆಳಿಗ್ಗೆ 6ಕ್ಕೆ ಕತ್ತಲಲ್ಲೇ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಡುತ್ತೇವೆ. ಕೆಳಗಿನ ಕಣಿವೆಗಳಲ್ಲಿ ಮೇಪಲ್ ಕೆಂಪಾಗಿರುತ್ತದೆ, ಮೇಲೆ ಹೋದ ಹಾಗೆ ಆಸ್ಪೆನ್ ಮರಗಳೆಲ್ಲ ಅರಿಶಿನ. ಆಸ್ಪೆನ್ ಎಲೆ ನಮ್ಮ ಅರಳಿ ಎಲೆಯ ಹಾಗೇ, ಗಾಳಿ ಇದೆಯೋ ಇಲ್ಲವೋ ಅನ್ನುವಾಗಲೂ ಅಲ್ಲಾಡುತ್ತಲೇ ಇರುತ್ತದೆ.

ಹೋದ ವರ್ಷ ನಾನು ಅರ್ಧದಲ್ಲೇ ನಿಲ್ಲಿಸಿದ್ದೆ. ಟೋನಿ ಗ್ರೋವ್ ಅನ್ನುವ ಕೆರೆಯ ಹತ್ತಿರ, ಸುಮಾರು 8,000 ಅಡಿ ಎತ್ತರದಲ್ಲಿ, ರಾತ್ರಿ ಚಳಿಗೆ ನಡುಗುತ್ತಾ ಬೆಂಕಿಯ ಪಕ್ಕ ಕುರ್ಚಿಯಲ್ಲಿ ಕೂತವಳು ಏಳಲೇ ಇಲ್ಲ. ಒಂದು ವರ್ಷ ಆ ಕುರ್ಚಿ ತಲೆಯಿಂದ ಹೋಗಲಿಲ್ಲ.

ಈ ಸಲವೂ ಅಲ್ಲಿಗೆ ಬಂದಾಗ ರಾತ್ರಿ ಹನ್ನೊಂದಾಗಿತ್ತು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಎಡಗಾಲಿನ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ. ಬಿಳಿ ಗಡ್ಡದ ಸ್ವಯಂಸೇವಕರೊಬ್ಬರು ಬೆಂಕಿಯಿಂದ ದೂರಕ್ಕೆ ಕುರ್ಚಿ ಎಳೆದು ಕೂರಿಸಿದರು, ಹೊದಿಕೆ ಹೊದಿಸಿದರು, ಮಾತೇ ಆಡದೆ ಮಣ್ಣಲ್ಲಿ ಕೂತು ನನ್ನ ಶೂ ಬಿಚ್ಚತೊಡಗಿದರು. ಅವರಿಗೆ ನಮ್ಮಪ್ಪನ ವಯಸ್ಸು. ಅಷ್ಟು ಹಿರಿಯರು ನನ್ನ ಕಾಲು ಮುಟ್ಟುವುದಾ ಅಂತ ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡೆ. ಅವರು ಬಿಡಲಿಲ್ಲ. ಧೂಳು ಮೆತ್ತಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಲ್ಲಿ ಬೆರಳ ಸಂದಿಯೆಲ್ಲ ಒರೆಸಿ, ಬೊಬ್ಬೆ ಚುಚ್ಚಿ ನೀರು ತೆಗೆದು ಟೇಪ್ ಹಾಕಿದರು. ಹೊಸ ಕಾಲುಚೀಲ ತೊಡಿಸಿ ಅದರ ಹೊಲಿಗೆ ಬೆರಳಿಗೆ ಒತ್ತದ ಹಾಗೆ ನೇರ ಮಾಡಿದರು. ನಾನು ಅವರ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಯಾಕೆ ಅಂತ ಅವರಿಗೆ ಗೊತ್ತಾಗಿರಲಿಕ್ಕಿಲ್ಲ, ನಕ್ಕು ತಲೆ ಸವರಿದರು. ಆಮೇಲೆ ನಾನು ಎದ್ದೆ.

ಅಲ್ಲಿಂದ ಮುಂದಕ್ಕೆ ಪೇಸರ್ ಆಗಿ, ಅಂದರೆ ಜೊತೆಗೆ ಓಡಿ ಹುರಿದುಂಬಿಸುವವಳಾಗಿ, ನನ್ನ ಜೊತೆ ಬಂದ ಗೆಳತಿಗೆ ಏನು ಹೇಳಲಿ! ಹದಿನೆಂಟು ಗಂಟೆ, ಅದೂ ತನಗೆ ಮೆಡಲು, ಓಟ ಮುಗಿಸಿದವರಿಗೆ ಕೊಡುವ ಬೆಲ್ಟಿನ ಬಕಲು, ಏನೂ ಸಿಗದ ಓಟ. ನಸುಕಿನಲ್ಲಿ ನಾನು ನಡೆಯುತ್ತಲೇ ನಿದ್ದೆ ಹೋಗುತ್ತಿದ್ದಾಗ ಮಗ್ಗಿ ಹೇಳಿಸಿದಳು, ಹತ್ತೊಂಬತ್ತರ ಮಗ್ಗಿಯವರೆಗೂ. ನಮ್ಮನೆಯವರು ಎರಡು ದಿನ ನಿದ್ದೆಯಿಲ್ಲದೆ ಮಣ್ಣಿನ ರಸ್ತೆಗಳಲ್ಲಿ ಕಾರು ಓಡಿಸಿಕೊಂಡು ಬಂದರು. ಫ್ಲಾಸ್ಕ್‌ನಲ್ಲಿ ಅಕ್ಕಿ ಗಂಜಿ, ಜೊತೆಗೆ ಒಂದು ಚೂರು ನಿಂಬೆಕಾಯಿ ಉಪ್ಪಿನಕಾಯಿ. ಕೊನೆಗೆ ಹೊಟ್ಟೆಯಲ್ಲಿ ನಿಂತದ್ದು ಅದೊಂದೇ. ಚಳಿಯಲ್ಲಿ ರಾತ್ರಿಯಿಡೀ ಕೂತು ನಮ್ಮ ನಂಬರ್ ಒಂದೊಂದನ್ನೂ ತಿಳಿಸುತ್ತಿದ್ದ ಹ್ಯಾಮ್ ರೇಡಿಯೊದವರು (ಹವ್ಯಾಸಕ್ಕೆ ರೇಡಿಯೊ ಸಂಪರ್ಕ ನಡೆಸುವವರು), ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿ ಕೈಗಿಟ್ಟವರು, ನಿಮಗೆಲ್ಲ ನಮಸ್ಕಾರ.

ರೇಂಜರ್ ಡಿಪ್ ದಾಟಿ ಕೊನೆಯ ಏರು ಹತ್ತಿದ ಮೇಲೆ ಕೆಳಗೆ ಬೇರ್ ಲೇಕ್ ಕಂಡಿತು. ಸುಣ್ಣದ ಕಣಗಳಿಂದಾಗಿ ಆ ನೀರಿಗೆ ಅಂಥ ತಿಳಿನೀಲಿ ಬಣ್ಣವಂತೆ. ಅಲ್ಲೇ ನಿಂತು ಅತ್ತುಬಿಟ್ಟೆ. ಫಿಶ್ ಹೇವನ್ ಮುಟ್ಟಿದಾಗ ನಮ್ಮೂರು ಸಾಗರದಲ್ಲಿ ಭಾನುವಾರ ಬೆಳಗಿನ ಜಾವ 4:21. ಅಮ್ಮ ಎದ್ದೇ ಕೂತಿದ್ದಳು. ಕೇಳಿದ್ದು ಒಂದೇ, "ಕಾಲು ಹ್ಯಾಂಗಿದೆ?"

ಮುಂದಿನ ವರ್ಷ ನಾನು ಓಡುವುದಿಲ್ಲ, ಟೋನಿ ಗ್ರೋವ್‌ನಲ್ಲಿ ಕೆಲಸಕ್ಕೆ ನಿಲ್ಲುತ್ತೇನೆ. ಅಷ್ಟರೊಳಗೆ ಆ ಬಿಳಿ ಗಡ್ಡದ ಹಿರಿಯರು ನಿಮಗ್ಯಾರಿಗಾದರೂ ಸಿಕ್ಕರೆ, ದಯವಿಟ್ಟು ಹೇಳಿ, ಅವರು ಹಾಕಿದ ಟೇಪ್ ಕೊನೆಯವರೆಗೂ ಕಿತ್ತು ಬರಲಿಲ್ಲ.