ಮನೆ ಕೊಳ್ಳುವಾಗ ಸಾಲಿಸಿಟರನ್ನು ಆರಿಸುವ ಬಗ್ಗೆ: ಸುಹಾಸನಿಗೆ ದೊಡ್ಡಮ್ಮನ ಪತ್ರ

ಚಿರಂಜೀವಿ ಸುಹಾಸನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವು ಲೆಸ್ಟರಿನಲ್ಲಿ ಕ್ಷೇಮ. ನೀನೂ ಚಿ. ಸೌ. ಮೇಘನಾಳೂ ಮಗುವೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಷೆಫೀಲ್ಡಿನಲ್ಲಿ ನೀವು ಮೆಚ್ಚಿದ ಮನೆಯನ್ನು ನಾಲ್ಕು ಲಕ್ಷ ಪೌಂಡಿಗೆ ಕೊಡಲು ಮಾರುವವರು ಒಪ್ಪಿದ್ದಾರೆಂದೂ, ಎಸ್ಟೇಟ್ ಏಜೆಂಟರು ತಮಗೆ ಗೊತ್ತಿರುವ ಒಂದು ಸಾಲಿಸಿಟರ್ (ಮನೆ ಕೊಳ್ಳುವ ಕಾಗದಪತ್ರ ನೋಡುವ ವಕೀಲರ) ಕಚೇರಿಯ ಹೆಸರು ಕೊಟ್ಟು ನಾಳೆಯೊಳಗೆ ತೀರ್ಮಾನ ತಿಳಿಸಿರೆಂದು ಅವಸರಿಸುತ್ತಿದ್ದಾರೆಂದೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಮನೆ ಸಿಕ್ಕಿದ್ದು ಕೇಳಿ ಬಹಳ ಸಂತೋಷವಾಯಿತು. ಆದರೆ ಆ ನಾಳೆಯ ಗಡುವಿಗೆ ನೀನು ಮಣಿಯಬಾರದೆಂದೇ ಈ ಪತ್ರ. ನಿವೃತ್ತಿಯಾಗುವವರೆಗೂ ಇಂಥ ಕಚೇರಿಯೊಂದರ ಮನೆ ವ್ಯವಹಾರದ ವಿಭಾಗದಲ್ಲಿ ಸಹಾಯಕಿಯಾಗಿ ದುಡಿದವಳು ನಾನು. ಕಡತ ಯಾರ ಮೇಜಿಗೆ ಹೋಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಇಂಗ್ಲೆಂಡಿನಲ್ಲಿ ಬೆಲೆ ಒಪ್ಪಿಗೆಯಾದ ಮಾತ್ರಕ್ಕೆ ಯಾರ ಕೈಯೂ ಕಟ್ಟಿಹೋಗುವುದಿಲ್ಲ. ಎರಡೂ ಕಡೆಯ ಸಾಲಿಸಿಟರ್‌ಗಳು ಕರಾರುಪತ್ರವನ್ನು ಎಕ್ಸ್‌ಚೇಂಜ್ ಮಾಡಿಕೊಂಡು, ನೀನು ಸಾಮಾನ್ಯವಾಗಿ ಶೇಕಡಾ ಹತ್ತರಷ್ಟು ಮುಂಗಡ ಕಟ್ಟಿದ ಮೇಲೆಯೇ ವ್ಯವಹಾರ ಗಟ್ಟಿಯಾಗುವುದು. ಅಲ್ಲಿಯವರೆಗೆ ವಾರಗಟ್ಟಲೆ ಕಾಗದಪತ್ರ ಓಡಾಡಲಿಕ್ಕಿದೆ. ಅದನ್ನೆಲ್ಲ ನೋಡಿಕೊಳ್ಳುವವರು ಯಾರೆಂದು ವಿಚಾರಿಸಲು ನಾಲ್ಕು ದಿನ ತೆಗೆದುಕೊಂಡರೆ ಮನೆ ಕೈತಪ್ಪುವುದಿಲ್ಲ.

ಏಜೆಂಟರು ಸೂಚಿಸಿದ ಕಚೇರಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಇಂಥ ಶಿಫಾರಸಿನ ಹಿಂದೆ ಅನೇಕ ವೇಳೆ, ಗಿರಾಕಿಯನ್ನು ಕಳುಹಿಸಿದ್ದಕ್ಕೆ ಸಾಲಿಸಿಟರ್ ಏಜೆಂಟರಿಗೆ ಕೊಡುವ ರೆಫರಲ್ ಶುಲ್ಕವಿರುತ್ತದೆ. ಅದು ಎಷ್ಟೆಂದು ಕೇಳಿದರೆ ಏಜೆಂಟರೂ ಸಾಲಿಸಿಟರೂ ಮುಚ್ಚಿಡುವಂತಿಲ್ಲ, ಸಂಕೋಚವಿಲ್ಲದೆ ಕೇಳು. ಏಜೆಂಟರಿಗೆ ಹಣ ಕೊಡುವವರು ಮಾರುವವರು, ಮತ್ತು ಅವರಿಗೆ ಬೇಕಾಗಿರುವುದು ವ್ಯವಹಾರ ಬೇಗ ಮುಗಿಯುವುದು. ನಿನ್ನ ಸಾಲಿಸಿಟರ್ ಮಾತ್ರ, ಅಗತ್ಯ ಬಿದ್ದರೆ, ಈ ಮನೆ ಬೇಡವೆಂದು ಹೇಳುವ ಧೈರ್ಯವುಳ್ಳವರಾಗಿರಬೇಕು. ಉತ್ತರ ಇಂಗ್ಲೆಂಡಿನ ಹೊಸ ಬಡಾವಣೆಗಳಲ್ಲಿ ಹತ್ತು ವರ್ಷಕ್ಕೊಮ್ಮೆ ಗ್ರೌಂಡ್ ರೆಂಟ್, ಅಂದರೆ ನೆಲದ ಒಡೆಯರಿಗೆ ಕಟ್ಟುವ ಬಾಡಿಗೆ, ಇಮ್ಮಡಿಯಾಗುವ ಲೀಸಿನ ಮೇಲೆ ಮನೆ ಕೊಂಡು ಕಂಗೆಟ್ಟ ಕುಟುಂಬಗಳ ಸುದ್ದಿಯನ್ನು ನೀನೂ ಓದಿರಬಹುದು. ಅವರಲ್ಲಿ ಅನೇಕರು ಬಿಲ್ಡರ್ ತೋರಿಸಿಕೊಟ್ಟ ಸಾಲಿಸಿಟರನ್ನೇ ಹಿಡಿದಿದ್ದರು. ಆ ನಂಟನ್ನು ಪಾರ್ಲಿಮೆಂಟಿನ ಸಮಿತಿಯೊಂದು 2019ರ ವರದಿಯಲ್ಲಿ ಕಟುವಾಗಿ ಟೀಕಿಸಿತು. ಹೊಸ ಲೀಸುಗಳ ಮೇಲೆ ಗ್ರೌಂಡ್ ರೆಂಟ್ ಹಾಕುವುದನ್ನು 2022ರ ಜೂನ್ 30ರಿಂದ ಬಹುಮಟ್ಟಿಗೆ ನಿಷೇಧಿಸಿದ್ದಾರಾದರೂ ಹಳೆಯ ಲೀಸುಗಳು ಹಾಗೆಯೇ ಉಳಿದಿವೆ.

ಕಚೇರಿಗಳಿಗೆ ಫೋನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಶುಲ್ಕವನ್ನಲ್ಲ, ನನ್ನ ಕಡತವನ್ನು ಮೊದಲಿನಿಂದ ಕೊನೆಯವರೆಗೆ ನೋಡುವವರು ಯಾರು ಎಂಬುದನ್ನು. ಅವರ ಹೆಸರೇನು, ಅವರು ಸ್ವತಃ ಸಾಲಿಸಿಟರೋ, ಲೈಸೆನ್ಸ್ ಪಡೆದ ಕನ್ವೇಯನ್ಸರೋ, ಅಥವಾ ಮತ್ತೊಬ್ಬರ ಮೇಲ್ವಿಚಾರಣೆಯಲ್ಲಿ ದುಡಿಯುವ ನೌಕರರೋ, ಈ ಹೊತ್ತಿಗೆ ಅವರ ಕೈಯಲ್ಲಿ ಎಷ್ಟು ಕಡತಗಳಿವೆ, ಅವರು ರಜೆ ಹೋದಾಗ ಯಾರು ನೋಡುತ್ತಾರೆ, ನೇರ ಫೋನ್ ಸಂಖ್ಯೆ ಕೊಡುತ್ತಾರೆಯೇ ಎಂದು ವಿವರವಾಗಿ ಕೇಳು. ಕನ್ವೇಯನ್ಸರಾದರೆ ಕಡಿಮೆಯೇನಲ್ಲ, ಮನೆ ವ್ಯವಹಾರವನ್ನಷ್ಟೇ ಓದಿ, ಅದನ್ನೇ ದಿನವೂ ಮಾಡುವವರು ಅವರು. ನಾನು ಹೆದರುವುದು ಕಾಲ್ ಸೆಂಟರಿನಂತೆ ನಡೆಯುವ ಕಚೇರಿಗಳಿಗೆ. ಅಲ್ಲಿ ಒಬ್ಬರು ಕಡತ ತೆರೆಯುತ್ತಾರೆ, ಇನ್ನೊಬ್ಬರು ಪ್ರಶ್ನೆ ಬರೆಯುತ್ತಾರೆ, ಮತ್ತೊಬ್ಬರು ವರದಿ ಕಳುಹಿಸುತ್ತಾರೆ. ಇಡೀ ಕಡತವನ್ನು ಕೂತು ಓದಿದವರು ಒಬ್ಬರೂ ಇರುವುದಿಲ್ಲ. ಅಂಥ ಒಂದು ಕಚೇರಿ ಎದುರು ಪಕ್ಷದಲ್ಲಿದ್ದಾಗ, ನಾವು ಉತ್ತರಿಸಿ ಮುಗಿಸಿದ್ದ ಪ್ರಶ್ನೆಯನ್ನೇ ಬೇರೆ ಬೇರೆ ಹೆಸರಿನವರು ಮತ್ತೆ ಮತ್ತೆ ಕೇಳುತ್ತಿದ್ದರು. ಕೊಳ್ಳುವ ದಂಪತಿಗಳ ಸಾಲದ ಮಂಜೂರಾತಿಯ ಅವಧಿ ಅಷ್ಟರಲ್ಲಿ ತೀರಿಹೋಯಿತು.

ಎಲ್ಲವೂ ಇಮೇಲಿನಲ್ಲಿ ಮುಗಿಯುವ ಈ ಕಾಲದಲ್ಲಿ ಅದೇ ಊರಿನ ಸಾಲಿಸಿಟರೇ ಏಕೆ ಬೇಕು ಎಂದು ಮೇಘನಾ ಕೇಳಿದಳಂತೆ. ಪ್ರಶ್ನೆ ಸರಿಯಾದದ್ದೇ. ಲ್ಯಾಂಡ್ ರಿಜಿಸ್ಟ್ರಿಯ ದಾಖಲೆ ಎಲ್ಲಿ ಕುಳಿತವರಿಗೂ ಒಂದೇ ರೀತಿ ಕಾಣುತ್ತದೆ. ಆದರೆ ಕಾಗದವನ್ನು ಓದುವುದಕ್ಕೆ ಊರು ತಿಳಿದಿರಬೇಕಾಗುತ್ತದೆ. ನಿಮ್ಮ ಮನೆಯ ಜಾಹೀರಾತನ್ನು ನೋಡಿದೆ. ಅದು 800 ವರ್ಷದ ಲೀಸಿನದು. ಲಂಡನ್ನಿನ ಫ್ಲ್ಯಾಟುಗಳ ಲೀಸನ್ನಷ್ಟೇ ಕಂಡವರು ಇದನ್ನು ನೋಡಿ ಗಾಬರಿಯಾಗಿ ಹತ್ತಾರು ಪ್ರಶ್ನೆ ಬರೆದು ತಿಂಗಳು ಕಳೆಯಬಹುದು. ಷೆಫೀಲ್ಡಿನಲ್ಲಿ ಇಂಥ ದೀರ್ಘ ಲೀಸಿನ ಹಳೆಯ ಮನೆಗಳು ಬೇಕಾದಷ್ಟಿವೆ, ವರ್ಷದ ಗ್ರೌಂಡ್ ರೆಂಟ್ ಕೆಲವೇ ಪೌಂಡುಗಳಿರುತ್ತದೆ. ಅಲ್ಲಿನವರು ನೇರವಾಗಿ ಮುಖ್ಯ ವಿಷಯಕ್ಕೆ ಬರುತ್ತಾರೆ: ಈಗಿನ ಫ್ರೀಹೋಲ್ಡರ್, ಅಂದರೆ ನೆಲದ ಒಡೆಯರು, ಯಾರು, ಮನೆಯಲ್ಲಿ ಮಾರ್ಪಾಡು ಮಾಡುವಾಗ ಅವರ ಒಪ್ಪಿಗೆ ಬೇಕೆಂಬ ಷರತ್ತಿದೆಯೇ, ಒಪ್ಪಿಗೆಗೆಂದು ಅವರು ಎಷ್ಟು ವಸೂಲಿ ಮಾಡುತ್ತಾರೆ.

ಚಿತ್ರದಲ್ಲಿ ಹಿಂಬದಿಗೆ ಹೊಸದಾಗಿ ಕಟ್ಟಿಸಿದ ಅಡುಗೆಮನೆಯೂ ಕಂಡಿತು. ಅದಕ್ಕೆ ಕೌನ್ಸಿಲಿನ ಅನುಮತಿಯಾಗಲಿ ಫ್ರೀಹೋಲ್ಡರ ಒಪ್ಪಿಗೆಯಾಗಲಿ ಇಲ್ಲವೆಂದು ತಿಳಿದುಬಂದರೆ, ನೀನೇ ಕುತೂಹಲದಿಂದ ಅವರಿಗೆ ಫೋನ್ ಮಾಡಿ ವಿಚಾರಿಸಬೇಡ. ಇಂಥ ಕೊರತೆಗೆ, ಮುಂದೆ ತೊಂದರೆಯಾದರೆ ನಷ್ಟ ತುಂಬಿಕೊಡುವ ಇಂಡೆಮ್ನಿಟಿ ವಿಮೆಯ ಪರಿಹಾರವಿದೆ, ಆದರೆ ಸಂಬಂಧಪಟ್ಟವರ ಕಿವಿಗೆ ವಿಷಯ ಬಿದ್ದಮೇಲೆ ವಿಮೆಯವರು ಸಾಮಾನ್ಯವಾಗಿ ಹಿಂದೆ ಸರಿಯುತ್ತಾರೆ.

ಸೌತ್ ಯಾರ್ಕ್‌ಷೈರಿನ ನೆಲದಡಿ ಕಲ್ಲಿದ್ದಲು ಗಣಿಗಳಿದ್ದವು. ಹೀಗಾಗಿ ಕೌನ್ಸಿಲಿನ ಸರ್ಚ್ (ದಾಖಲೆಗಳ ಶೋಧನೆ), ನೀರು ಮತ್ತು ಒಳಚರಂಡಿಯ ಸರ್ಚ್, ಪರಿಸರದ ಸರ್ಚ್ ಇವುಗಳ ಜೊತೆಗೆ ಅಲ್ಲಿ ಗಣಿಯ ಸರ್ಚನ್ನೂ ಮಾಡಿಸುತ್ತಾರೆ. ಮನೆಯ ಗಡಿಯಿಂದ 20 ಮೀಟರಿನೊಳಗೆ ಹಳೆಯ ಗಣಿಯ ಬಾಯಿ ದಾಖಲಾಗಿದ್ದರೆ ಆ ವರದಿ ತಿಳಿಸುತ್ತದೆ; ಹಾಗೇನಾದರೂ ಬಂದರೆ ಸಾಲ ಕೊಡುವ ಬ್ಯಾಂಕಿಗೂ ತಿಳಿಸಬೇಕಾಗುತ್ತದೆ. ವರದಿ ತರಿಸುವುದು ಯಾರಿಗೂ ಸುಲಭ, ಅದು ಬಂದಾಗ ಹೆದರಬೇಕೋ ಬೇಡವೋ ಎಂದು ನಿನಗೆ ಬಿಡಿಸಿ ಹೇಳುವವರು ಬೇಕು. ಇನ್ನೊಂದು ಮಾತು: ಸಾಲಿಸಿಟರ್ ಮನೆಯನ್ನು ಕಣ್ಣಾರೆ ನೋಡುವುದಿಲ್ಲ, ಬ್ಯಾಂಕಿನ ಮೌಲ್ಯಮಾಪನವೂ ಬ್ಯಾಂಕಿನ ಹಿತಕ್ಕಾಗಿಯೇ ಹೊರತು ನಿನಗಾಗಿ ಅಲ್ಲ. ಗೋಡೆ ಛಾವಣಿಗಳ ಪರೀಕ್ಷೆಗೆ ಸರ್ವೇಯರನ್ನು ನೀನೇ ಬೇರೆಯಾಗಿ ಗೊತ್ತುಮಾಡಬೇಕು.

ಈಗ ನಮ್ಮ ಮನೆಯ ಸಂಗತಿಗೆ ಬರುತ್ತೇನೆ. ಇದನ್ನು ಎರಡು ಸಲ ಓದು. ದಾವಣಗೆರೆಯ ವಿದ್ಯಾನಗರದ ಮನೆಯನ್ನು ನಿನ್ನ ಅಪ್ಪ ದಾನಪತ್ರ ಮಾಡಿ ನಿನ್ನ ಹೆಸರಿಗೆ ಬರೆದುಕೊಟ್ಟಿದ್ದಾರೆ. ಅದು ಇಂಡಿಯಾದ ಮನೆಯಲ್ಲವೇ, ಇಲ್ಲಿಗೇನು ಸಂಬಂಧ ಎಂದು ನೀನು ಅಂದುಕೊಂಡಿರಬಹುದು. ಸಂಬಂಧವಿದೆ. ಜಗತ್ತಿನ ಯಾವ ಮೂಲೆಯಲ್ಲಿ ಮನೆ ಹೊಂದಿದ್ದರೂ ಸ್ಟ್ಯಾಂಪ್ ಡ್ಯೂಟಿಯ ಮಟ್ಟಿಗೆ ನೀನು ಮೊದಲ ಬಾರಿಗೆ ಮನೆ ಕೊಳ್ಳುವವನಾಗುವುದಿಲ್ಲ. ಆ ಮನೆಯ ಬೆಲೆ 40,000 ಪೌಂಡ್ ಅಥವಾ ಹೆಚ್ಚಿದ್ದರೆ, ಎರಡನೆಯ ಮನೆಗೆ ಹಾಕುವ ಹೆಚ್ಚುವರಿ ಶೇಕಡಾ ಐದೂ ಸೇರುತ್ತದೆ. 2025ರ ಏಪ್ರಿಲ್ 1ರಿಂದ ಇರುವ ದರದಲ್ಲಿ ನಾಲ್ಕು ಲಕ್ಷ ಪೌಂಡಿನ ಮನೆಗೆ ಮೊದಲ ಬಾರಿ ಕೊಳ್ಳುವವರು ಕಟ್ಟುವುದು 5,000 ಪೌಂಡ್, ಸಾಮಾನ್ಯ ದರದಲ್ಲಿ 10,000, ಹೆಚ್ಚುವರಿ ಸೇರಿದರೆ 30,000. ಮನೆಯನ್ನು ಮೇಘನಾಳ ಒಬ್ಬಳ ಹೆಸರಿನಲ್ಲೇ ಕೊಂಡರೂ, ಹೆಚ್ಚುವರಿ ದರದ ಲೆಕ್ಕಕ್ಕೆ ಗಂಡ ಹೆಂಡಿರನ್ನು ಒಂದಾಗಿಯೇ ನೋಡುತ್ತಾರೆ. ಆದ್ದರಿಂದ ದಾನಪತ್ರದ ವಿಷಯವನ್ನು ಮೊದಲ ದಿನವೇ ಸಾಲಿಸಿಟರಿಗೆ ಹೇಳು. ಅಜ್ಜನ ಕಾಲದ ತೋಟದಮನೆಯಲ್ಲಿ ನಿನಗೆ ಪಾಲು ಬರುವುದಿದ್ದರೆ ಅದನ್ನೂ ಹೇಳು. ಕಡಲಾಚೆಯ ಆಸ್ತಿಯ ವಿಚಾರ ಬಂದಾಗ ಅವರು ಏನು ಕೇಳುತ್ತಾರೆ ಎಂಬುದರಿಂದಲೇ ಅವರ ಅನುಭವ ನಿನಗೆ ತಿಳಿಯುತ್ತದೆ. ಏನನ್ನೂ ಕೇಳದೆ ಮುಂದೆ ಹೋಗುವವರನ್ನು ಬಿಟ್ಟುಬಿಡು.

ಹಣದ ಮೂಲದ ವಿಷಯವೂ ಹೀಗೆಯೇ. ಶಾಮನೂರು ರಸ್ತೆಯ ಸೈಟು ಮಾರಿ ಅಪ್ಪ ಕಳುಹಿಸುವ ಹಣ ನಿನ್ನ ಖಾತೆಗೆ ಬಂದು ಬಿದ್ದರೆ ಸಾಲದು. ಅದು ಎಲ್ಲಿಂದ ಬಂತೆಂದು ಸಾಲಿಸಿಟರ್ ಕಾನೂನಿನಂತೆ ವಿಚಾರಿಸಲೇಬೇಕು. ಸೈಟು ಮಾರಿದ ಕ್ರಯಪತ್ರ, ಹಣ ಜಮೆಯಾದ ಬ್ಯಾಂಕಿನ ವಿವರ, ಅಪ್ಪನ ಗುರುತಿನ ದಾಖಲೆ, ಇದು ಉಡುಗೊರೆ, ಮನೆಯಲ್ಲಿ ತಮಗೆ ಯಾವ ಹಕ್ಕೂ ಇಲ್ಲವೆಂದು ಅವರು ಸಹಿ ಹಾಕಿದ ಪತ್ರ, ಇಷ್ಟನ್ನೂ ಕೇಳುತ್ತಾರೆ. ಕ್ರಯಪತ್ರ ಕನ್ನಡದಲ್ಲಿರುವುದರಿಂದ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಅದನ್ನು ಈಗಲೇ ಮಾಡಿಸಲು ಹೇಳು. ಭಾರತದಿಂದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳುಹಿಸಬಹುದಾದದ್ದು 2,50,000 ಡಾಲರ್, ಮತ್ತು ಉಡುಗೊರೆಯಾಗಿ ಕಳುಹಿಸುವಾಗ ಹತ್ತು ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇಕಡಾ 20ರಷ್ಟು ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ಆ ಹಣ ಅಪ್ಪನ ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಕೆಯಾಗುತ್ತದಾದರೂ ಸದ್ಯಕ್ಕೆ ಕೈಯಲ್ಲಿರುವುದಿಲ್ಲ. ವಯಸ್ಸಾದ ಅವರನ್ನು ಕೊನೆಯ ವಾರದಲ್ಲಿ ಬ್ಯಾಂಕಿಗೂ ನೋಟರಿಗೂ ಅಲೆಸಬೇಡ ಮಗೂ.

ಶುಲ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2018ರ ಡಿಸೆಂಬರಿನಿಂದ ಸಾಲಿಸಿಟರ್ ಕಚೇರಿಗಳು ಮನೆ ವ್ಯವಹಾರದ ದರವನ್ನು ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸಲೇಬೇಕು. ಅಲ್ಲಿ ಕಾಣುವ ಮೊದಲ ಅಂಕಿಯನ್ನು ನಂಬಬೇಡ; ಲೀಸ್‌ಹೋಲ್ಡಿನ ಹೆಚ್ಚುವರಿ, ಉಡುಗೊರೆ ಹಣದ ಪರಿಶೀಲನೆ, ಸ್ಟ್ಯಾಂಪ್ ಡ್ಯೂಟಿಯ ಅರ್ಜಿ, ಬ್ಯಾಂಕ್ ವರ್ಗಾವಣೆ, ವ್ಯಾಟ್ ಎಲ್ಲವೂ ಕೆಳಗೆ ಸಾಲುಗಟ್ಟಿರುತ್ತವೆ. ನಿನಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್ಲಿನಲ್ಲಿ, ಅಂದರೆ ಅದು ಒಪ್ಪಿದ ಕಚೇರಿಗಳ ಪಟ್ಟಿಯಲ್ಲಿ, ಅವರಿದ್ದಾರೆಯೇ ಎಂದು ವಿಚಾರಿಸು. ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ, ಕನ್ವೇಯನ್ಸರಾದರೆ ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೇಯನ್ಸರ್ಸ್ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡು. ಮುಂದೆ ದೂರು ಕೊಡಬೇಕಾದರೆ ಮೊದಲು ಆ ಕಚೇರಿಗೇ ಬರೆದು, ಎಂಟು ವಾರಗಳಲ್ಲಿ ಬಗೆಹರಿಯದಿದ್ದರೆ ಲೀಗಲ್ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು.

ಊರಿನ ಕಚೇರಿಯನ್ನು ಆರಿಸೆನ್ನಲು ನನಗಿರುವ ಇನ್ನೊಂದು ಕಾರಣ ವಂಚಕರ ಭಯ. ಸಾಲಿಸಿಟರ್ ಕಳುಹಿಸಿದಂತೆಯೇ ಕಾಣುವ ಇಮೇಲ್ ಬರುತ್ತದೆ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂಗಡವನ್ನು ಈ ಹೊಸ ಸಂಖ್ಯೆಗೆ ಹಾಕಿರಿ ಎಂದಿರುತ್ತದೆ. ಕೊನೆಯ ದಿನಗಳ ಗಡಿಬಿಡಿಯಲ್ಲಿ ಓದುಬರಹ ಬಲ್ಲವರೇ ಹಣ ಕಳೆದುಕೊಂಡಿದ್ದಾರೆ. ಮೊದಲ ಭೇಟಿಗೆ ಕಚೇರಿಗೇ ಹೋಗಿ, ಖಾತೆಯ ಸಂಖ್ಯೆಯನ್ನು ಕಾಗದದಲ್ಲಿ ಬರೆಸಿಕೊಂಡು ಬಾ. ಇಮೇಲಿನಲ್ಲಿ ಬಂದ ಬೇರೆ ಯಾವ ಸಂಖ್ಯೆಗೂ ಒಂದು ಪೌಂಡನ್ನೂ ಕಳುಹಿಸಬೇಡ. ಅನುಮಾನ ಬಂದರೆ ಆ ಕಾಗದದ ಮೇಲಿನ ಫೋನ್ ಸಂಖ್ಯೆಗೇ ಕರೆ ಮಾಡು.

ಷೆಫೀಲ್ಡಿನ ಮೂರು ಕಚೇರಿಗಳಿಂದ ಅಂದಾಜು ಪತ್ರ ತರಿಸಿ ನನಗೆ ಕಳುಹಿಸು, ಏನೇನು ಬಿಟ್ಟಿದ್ದಾರೆಂದು ಗುರುತು ಹಾಕಿ ಅದೇ ದಿನ ಹಿಂದಿರುಗಿಸುತ್ತೇನೆ. ದಾನಪತ್ರದ ನಕಲನ್ನು ತೆಗೆದಿಡಲು ನಿನ್ನ ಅಮ್ಮನಿಗೆ ಇವತ್ತೇ ಹೇಳುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ