ಭುಜ ಜಾರಿದ್ದನ್ನು ಮುಚ್ಚಿಡಬೇಡಿ

ಸಂಪಾದಕರೇ,

ನಾನು ನಿವೃತ್ತ ಹವಾಲ್ದಾರ್. ಟ್ರೈನಿಂಗ್‌ನಲ್ಲಿ ಹಗ್ಗ ಹತ್ತುವಾಗ ಬಲಭುಜದ ಕೀಲು ಜಾರಿತು. ಜೊತೆಗಾರ ಕೈ ಎಳೆದು ಕೀಲನ್ನು ಮತ್ತೆ ಕೂರಿಸಿದ (ಹಾಗೆ ಮಾಡಲೇಬಾರದಂತೆ!), ಹೇಳಿದರೆ ಬ್ಯಾಚ್ ತಪ್ಪುತ್ತದೆ ಅಂತ ನಾನೂ ಸುಮ್ನಿದ್ದೆ. ಆಮೇಲೆ ಅಂಗಿ ತೋಳಿಗೆ ಕೈ ತೂರಿಸುವಾಗಲೂ ಜಾರತೊಡಗಿತು.

20ರ ವಯಸ್ಸಿನ ಆಸುಪಾಸಿನಲ್ಲಿ ಒಮ್ಮೆ ಜಾರಿದರೆ ಮತ್ತೆ ಜಾರುವುದು ಜಾಸ್ತಿ. ಕೀಲಿನ ಗುಳಿಯ ಅಂಚಿನ ಮೆತ್ತನೆಯ ಪಟ್ಟಿ ಹೆಚ್ಚಾಗಿ ಹರಿದಿರುತ್ತದೆ, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಜಾರಿದಷ್ಟೂ ಮೂಳೆ ಸವೆಯುತ್ತದೆ.

ಅಗ್ನಿವೀರರಾಗಲು 17ವರೆ ವರ್ಷಕ್ಕೇ ಹೊರಟ ಹುಡುಗರು ನಮ್ಮೂರ ಮೈದಾನದಲ್ಲಿ ಬೀಮ್ ಹೊಡೆಯುತ್ತಾರೆ (ಕಂಬಿಗೆ ಜೋತು ಮೈ ಮೇಲೆತ್ತುವ ಕಸರತ್ತು). ಮೊನ್ನೆ ಒಬ್ಬ ಭುಜ ಹಿಡಿದು ಕೂತಿದ್ದ. ‘ಯಾರಿಗೂ ಹೇಳ್ಬೇಡಿ ಅಂಕಲ್’ ಅಂದ. ನನ್ನದೇ ಕಥೆ, ಅಲ್ವಾ? ಗಾಯ ಹೇಳಿಕೊಂಡವನಿಗೆ ಮುಂದಿನ ಬ್ಯಾಚ್‌ನಲ್ಲಿ ಜಾಗ ಇದ್ದೇ ಇರುತ್ತದೆ ಅಂತ ತರಬೇತಿ ಕೇಂದ್ರಗಳು ಮೊದಲ ದಿನವೇ ಹೇಳಲಿ.

– ನಿವೃತ್ತ ಸೈನಿಕ, ಸೋಮವಾರಪೇಟೆ